ನಂದಿ ಬೆಟ್ಟದ ಮಳೆನೀರು ಎತ್ತ ಹೋಗುತ್ತದೆ?

ಮಕ್ಕಳೇ, ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಬೆಟ್ಟಕ್ಕೆ ಹೋದವರು ಮೋಡ ನೋಡಿ, ಫೋಟೋ ತೆಗೆದುಕೊಂಡು ಬರುತ್ತಾರೆ. ನೀವು ಹೋದಾಗ ಸುತ್ತಲಿನ ಇಳಿಜಾರನ್ನೂ ನೋಡಿ. ಈ ಬೆಟ್ಟಸಾಲಿನಲ್ಲಿ ಸುರಿದ ಮಳೆ ಬೇರೆ ಬೇರೆ ದಾರಿ ಹಿಡಿಯುತ್ತದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಅದು ಒಂದೇ ಜಮೆಯನ್ನು ಹಲವು ಖಾತೆಗೆ ಹಂಚಿದ ಹಾಗೆ ಕಾಣುತ್ತದೆ.

ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಆಂಧ್ರಕ್ಕೆ ಹೋಗಿ ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಯಿಂದ ತಮಿಳುನಾಡಿಗೆ ಇಳಿಯುತ್ತದೆ. ಅರ್ಕಾವತಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ ದಾಟಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಬಂದದ್ದು ಈ ಹೆಸರಘಟ್ಟದಿಂದಲೇ!

ಇವು ವರ್ಷವಿಡೀ ಹರಿಯುವ ನದಿಗಳಲ್ಲ. ಅದಕ್ಕೇ ಹಿರಿಯರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗುತ್ತದೆ. ನಡುವೆ ಯಾರೋ ಕಾಲುವೆಗೆ ಮಣ್ಣು ತುಂಬಿ ಕಟ್ಟಡ ಎಬ್ಬಿಸಿದರೆ ಕೆಳಗಿನ ಕೆರೆಗಳೆಲ್ಲ ಬರಿದು.

ನಾನು ಕೆಲಸಕ್ಕೆ ಸೇರಿದಾಗ ಈ ಸೀಮೆಯ ರೈತರು ತೆರೆದ ಬಾವಿಗೆ ಸಾಲ ಕೇಳುತ್ತಿದ್ದರು. ನಿವೃತ್ತನಾಗುವ ಹೊತ್ತಿಗೆ ಕೊಳವೆಬಾವಿಗೆ, ಅದೂ ಸಾವಿರ ಅಡಿಗೆ! ನೀರು ಬಾರದಿದ್ದರೂ ಕಂತು ಕಟ್ಟಲೇಬೇಕು. ನೀರು ಬಂದರೆ ಕೆಲವೆಡೆ ಫ್ಲೋರೈಡ್ ಹೆಚ್ಚು. ಅದನ್ನು ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ.

ನಿಮ್ಮೂರ ಕೆರೆಯ ಕೋಡಿ ನೀರು ಯಾವ ಕೆರೆಗೆ ಹೋಗುತ್ತಿತ್ತು? ಅಜ್ಜಿಯನ್ನು ಕೇಳಿ. ರಜೆಯಲ್ಲಿ ಅಜ್ಜನ ಜೊತೆ ಆ ಕಾಲುವೆಯ ಉದ್ದಕ್ಕೂ ನಡೆದು, ಎಲ್ಲಿ ಮುಚ್ಚಿದೆ ಎಂದು ಬರೆದುಕೊಳ್ಳಿ. ಬುತ್ತಿ ಮರೆಯಬೇಡಿ.