ಸಜಾತೀಯ ಪದಗಳ ಸಂಕಲನ: ಬೀಜಗಣಿತದ ಬೋಧನೆಗೆ ಇತಿಹಾಸದ ನೆರವು

ಇತಿಹಾಸದ ಅಧ್ಯಾಪಕನೊಬ್ಬನು ಬೀಜಗಣಿತದ ವಿಷಯವಾಗಿ ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಪ್ರೌಢಶಾಲೆಯ ಬಾಲಕನು ೩ಯ + ೫ ಎಂಬುದನ್ನು ೮ಯ ಎಂದು ಬರೆಯುವ ತಪ್ಪೂ, ಶಾಸನಗಳ ಲೆಕ್ಕಗಳನ್ನು ಓದುವಾಗ ನಮ್ಮ ವಿದ್ಯಾರ್ಥಿಗಳು ಮಾಡುವ ತಪ್ಪೂ ಒಂದೇ ಬೇರಿನಿಂದ ಹುಟ್ಟಿದವು. ಬೀಜೋಕ್ತಿಯನ್ನು ಸಂಕ್ಷೇಪಿಸುವ ಕ್ರಮವನ್ನು ಅರಿಯದ ಬಾಲಕನು ಸಮೀಕರಣಗಳಲ್ಲಿ ಎಡವುತ್ತಾನೆ; ಕಡೆಗೆ ಗಣಿತವೇ ತನಗೆ ಒಗ್ಗದೆಂದು ಕೈಬಿಡುತ್ತಾನೆ. ಇದು ಸಣ್ಣ ನಷ್ಟವಲ್ಲ. ಆದಕಾರಣ ಈ ಒಂದು ಪಾಠವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಉಚಿತ.

ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ಸೀಮೆಯಲ್ಲಿರುವ ಸಂತೆಕಲ್ಲೂರು ತನ್ನ ಹೆಸರಿನಲ್ಲಿಯೇ ಸಂತೆಯನ್ನು ಹೊತ್ತಿದೆ. ಇಂತಹ ಊರಿನ ಮಕ್ಕಳಿಗೆ ಚೀಲ, ಸೇರುಗಳ ಮಾತು ಹೊಸದಲ್ಲ. ಒಬ್ಬನ ಬಳಿ ೩ ಚೀಲ ೫ ಸೇರು ಜೋಳವೂ, ಇನ್ನೊಬ್ಬನ ಬಳಿ ೨ ಚೀಲ ೪ ಸೇರು ಜೋಳವೂ ಇದ್ದರೆ, ಒಟ್ಟು ೫ ಚೀಲ ೯ ಸೇರು ಎನ್ನುತ್ತೇವೆಯೇ ಹೊರತು ೧೪ ಚೀಲವೆಂದು ಯಾರೂ ಹೇಳರು. ಒಂದು ಚೀಲದಲ್ಲಿರುವ ಸೇರುಗಳ ಸಂಖ್ಯೆಯನ್ನು ‘ಚ’ ಎಂದು ಕರೆದರೆ,

೩ಚ + ೫ + ೨ಚ + ೪ = ೫ಚ + ೯.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಚ’ ಎಂಬುದು ಚೀಲವೆಂಬ ವಸ್ತುವಲ್ಲ. ಚೀಲವೊಂದರಲ್ಲಿ ಎಷ್ಟು ಸೇರು ಇದೆಯೆಂಬ ಸಂಖ್ಯೆ. ಅಕ್ಷರವನ್ನು ವಸ್ತುವೆಂದು ಕಲಿತ ಬಾಲಕನು ಮುಂದೆ ಎರಡು ಅಕ್ಷರಗಳನ್ನು ಗುಣಿಸಬೇಕಾದಾಗ ದಿಕ್ಕುಗೆಡುತ್ತಾನೆ. ಒಂದು ಸಂಖ್ಯೆಯ ಮೂರರಷ್ಟಕ್ಕೆ ಅದೇ ಸಂಖ್ಯೆಯ ಎರಡರಷ್ಟನ್ನು ಕೂಡಿಸಿದರೆ ಅದರ ಐದರಷ್ಟಾಗುತ್ತದೆ: ೩ಚ + ೨ಚ = (೩ + ೨)ಚ. ಸಂಕಲನದ ಸಮಸ್ತ ನ್ಯಾಯವೂ ಇಷ್ಟರಲ್ಲಿಯೇ ಅಡಗಿದೆ. ಚೀಲಕ್ಕೆ ೬೦ ಸೇರು ಹಿಡಿಯುವುದಾದರೆ ಎರಡು ಕಡೆಯೂ ೩೦೯ ಬರುತ್ತದೆ. ೧೪ಚ ಎಂದವನಿಗೆ ೮೪೦ ಬರುತ್ತದೆ.

ಈ ನಿಯಮವು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಕ್ರಿ.ಶ. ೬೨೮ರಲ್ಲಿ ರಚಿತವಾದ ಬ್ರಹ್ಮಗುಪ್ತನ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಇದು ಸ್ಪಷ್ಟವಾಗಿದೆ. ೧೧೧೪ರಲ್ಲಿ ಜನಿಸಿದ ಭಾಸ್ಕರಾಚಾರ್ಯನು ತನ್ನ ‘ಬೀಜಗಣಿತ’ದಲ್ಲಿ ಒಂದೇ ಜಾತಿಯ ರಾಶಿಗಳನ್ನು ಕೂಡಬೇಕು, ಕಳೆಯಬೇಕು, ಭಿನ್ನಜಾತಿಯವನ್ನು ಬೇರೆಬೇರೆಯಾಗಿ ಇಡಬೇಕು ಎಂದು ವಿಧಿಸಿದ್ದಾನೆ. ‘ಸಜಾತೀಯ’, ‘ವಿಜಾತೀಯ’ ಎಂಬ ನಮ್ಮ ಇಂದಿನ ಪದಗಳಲ್ಲಿ ಈ ಪರಂಪರೆಯ ದನಿಯೇ ಕೇಳಿಸುತ್ತದೆ. ಆ ಗ್ರಂಥಗಳಲ್ಲಿ ಮೊದಲನೆಯ ಅವ್ಯಕ್ತರಾಶಿಗೆ ‘ಯಾವತ್ತಾವತ್’ ಎಂದು ಹೆಸರು. ಉಳಿದವುಗಳಿಗೆ ಕಾಲಕ, ನೀಲಕ, ಪೀತಕ ಎಂಬ ಬಣ್ಣದ ಹೆಸರುಗಳು. ವ್ಯಕ್ತಸಂಖ್ಯೆಯನ್ನು ‘ರೂಪ’ವೆನ್ನುತ್ತಿದ್ದರು. ೩ಯ + ೫ ಎಂಬುದನ್ನು ‘ಯಾ ೩ ರೂ ೫’ ಎಂದು ಬರೆಯುವುದು ಅವರ ರೂಢಿ. ಬರಿಯ ಸಂಖ್ಯೆಗೂ ಒಂದು ಗುರುತಿರುವುದರಿಂದ ಅದನ್ನು ಅವ್ಯಕ್ತದೊಡನೆ ಬೆರೆಸುವ ಭ್ರಮೆಗೆ ಅವಕಾಶ ಕಡಮೆ. ಮೊದಲ ಕೆಲವು ದಿನ ನಮ್ಮ ಮಕ್ಕಳಿಂದಲೂ ಹೀಗೆಯೇ ಬರೆಯಿಸಿದರೆ ಪ್ರಯೋಜನವುಂಟೆಂದು ನಮ್ಮ ನಂಬಿಕೆ.

ವಿಜಾತೀಯಗಳನ್ನು ಎಂದಿಗೂ ಕೂಡಿಸಲಾಗದೇ ಎಂಬ ಪ್ರಶ್ನೆಗೆ ಈ ಸೀಮೆಯ ಇತಿಹಾಸವೇ ಉತ್ತರ ಕೊಡುತ್ತದೆ. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಜಿಲ್ಲೆಯಲ್ಲಿ ಸಂಸ್ಥಾನದ ಹಾಲಿ ಸಿಕ್ಕಾ ರೂಪಾಯಿ ನಡೆಯುತ್ತಿತ್ತು. ಬ್ರಿಟಿಷ್ ಇಂಡಿಯಾದ ಕಲ್ದಾರ್ ರೂಪಾಯಿ ಬೇರೆ. ಒಂದು ಹಾಲಿಯ ಬೆಲೆ ಹ, ಒಂದು ಕಲ್ದಾರಿನ ಬೆಲೆ ಕ ಆಗಿರಲಿ. ೧೪ಹ + ೩ಕ ಎಂಬುದು ೧೭ ಅಲ್ಲ; ಅದು ಹಾಗೆಯೇ ನಿಲ್ಲಬೇಕು. ೭ ಹಾಲಿಗೆ ೬ ಕಲ್ದಾರ್ ಎಂಬ ವಿನಿಮಯದರ ತಿಳಿದ ಮೇಲೆ ೧೪ಹ ಎಂಬುದು ೧೨ಕ ಆಗಿ, ಮೊತ್ತವು ೧೫ಕ ಆಗುತ್ತದೆ. ಸಂಬಂಧವು ತಿಳಿಯುವ ಮುನ್ನ ಬೆರೆಸುವುದು ತಪ್ಪು. ತಿಳಿದ ಮೇಲೆ ಬೆರೆಸುವುದು ಗಣಿತ.

ಮಸ್ಕಿಯ ಶಾಸನವೂ ಇದನ್ನೇ ಬೋಧಿಸುತ್ತದೆ. ೧೯೧೫ರಲ್ಲಿ ಅದು ಬೆಳಕಿಗೆ ಬರುವ ಮುನ್ನ ದೊರೆತಿದ್ದ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದವೇ ಹೊರತು ಅಶೋಕನೆಂಬ ಹೆಸರಿರಲಿಲ್ಲ. ಸಿಂಹಳದ ಗ್ರಂಥಗಳ ಬಲದಿಂದ ವಿದ್ವಾಂಸರು ಇಬ್ಬರೂ ಒಬ್ಬನೇ ಎಂದು ಊಹಿಸಿದ್ದರು. ಶಾಸನದ ಪ್ರಮಾಣವು ದೊರೆತದ್ದು ಮಸ್ಕಿಯಲ್ಲಿ. ಎರಡು ಅಕ್ಷರಗಳು ಒಂದೇ ರಾಶಿಯನ್ನು ಸೂಚಿಸುತ್ತವೆಂದು ಹೇಳಲು ಆಧಾರ ಬೇಕು. ಇದಕ್ಕೆ ವಿಪರ್ಯಯವೂ ಉಂಟು. ಶಾಸನಗಳಲ್ಲಿ ಭೂಮಿಯನ್ನು ‘ಮತ್ತರು’ಗಳಲ್ಲಿ ಹೇಳುವಾಗ ಯಾವ ಕೋಲಿನಿಂದ ಅಳೆದದ್ದೆಂದು ಅನೇಕ ಕಡೆ ಸೂಚಿಸಿದೆ. ಕೋಲು ಬೇರೆಯಾದರೆ ಮತ್ತರೂ ಬೇರೆ. ಹೆಸರು ಒಂದಾದ ಮಾತ್ರಕ್ಕೆ ಜಾತಿ ಒಂದಾಗದು. ಯ ಮತ್ತು ಯ² ಎಂಬವು ಅಕ್ಷರದಲ್ಲಿ ಒಂದೇ ಆದರೂ ಸಜಾತೀಯವಲ್ಲ. ಹೊಲದ ಒಂದು ಬದಿಯ ಉದ್ದಕ್ಕೆ ಅದರ ವಿಸ್ತೀರ್ಣವನ್ನು ಕೂಡಿಸಲಾದೀತೇ?

ತರಗತಿಯಲ್ಲಿ ಅನುಸರಿಸಬೇಕಾದ ಕ್ರಮ ಹೀಗಿದೆ. ೭ಯ − ೪ − ೨ಯ + ೯ ಎಂಬ ಬೀಜೋಕ್ತಿಯಲ್ಲಿ ಪ್ರತಿ ಪದವನ್ನೂ ಅದರ ಹಿಂದಿನ ಚಿಹ್ನೆಯೊಡನೆ ಗುರುತಿಸಬೇಕು. ಅನಂತರ ಚಿಹ್ನೆಸಹಿತವಾಗಿ ಪದಗಳನ್ನು ಒಟ್ಟುಗೂಡಿಸಬೇಕು: ೭ಯ − ೨ಯ − ೪ + ೯. ಆಮೇಲೆ ಸಹಗುಣಕಗಳನ್ನು ಮಾತ್ರ ಕೂಡಿ ಕಳೆದು ೫ಯ + ೫ ಎಂದು ಬರೆಯಬೇಕು. ಬರಿಯ ಯ ಎಂದರೆ ೧ಯ ಎಂಬುದನ್ನು ನೆನಪಿಸದಿದ್ದರೆ ೫ಯ − ಯ ಎಂಬುದಕ್ಕೆ ೫ ಎಂಬ ಉತ್ತರ ಬರುವುದು ಖಂಡಿತ.

ಕೊನೆಯದಾಗಿ ತಾಳೆ ನೋಡುವಿಕೆ. ಯ = ೨ ಎಂದಿಟ್ಟರೆ ಮೇಲಿನ ಲೆಕ್ಕದಲ್ಲಿ ಎರಡು ಕಡೆಯೂ ೧೫. ಆದರೆ ಯ = ೧ ಎಂದು ಪರೀಕ್ಷಿಸಬಾರದು; ಆಗ ೩ಯ + ೫ ಮತ್ತು ೮ಯ ಎರಡೂ ೮ ಆಗಿ, ತಪ್ಪೇ ಸರಿಯೆಂದು ತೋರುತ್ತದೆ. ಒಂದು ಬೆಲೆಗೆ ತಾಳೆಯಾಗದಿದ್ದರೆ ಉತ್ತರ ತಪ್ಪೆಂಬುದು ನಿಶ್ಚಯ. ಒಂದೇ ಬೆಲೆಗೆ ತಾಳೆಯಾದರೆ ಸರಿಯೆಂಬುದು ನಿಶ್ಚಯವಲ್ಲ. ಒಂದೇ ಸಾಕ್ಷ್ಯವನ್ನು ನಂಬಿ ತೀರ್ಮಾನಿಸಬಾರದೆಂಬುದು ಇತಿಹಾಸಕಾರನಿಗೂ ಸಲ್ಲುವ ನೀತಿ. ಉಪಾಧ್ಯಾಯರು ‘ಕೂಡಿಸು’ ಎನ್ನುವ ಮುನ್ನ ‘ಇವು ಒಂದೇ ಜಾತಿಯವೇ, ಹೇಗೆ ಬಲ್ಲೆ?’ ಎಂದು ಕೇಳುವ ಅಭ್ಯಾಸವನ್ನು ಬೆಳೆಸಿದರೆ ಈ ಪಾಠವು ಗಣಿತದ ಆಚೆಗೂ ಫಲ ಕೊಟ್ಟೀತು.