ಇಂದನ್ನು ಅರಿಯುವ ಕಷ್ಟ

ವಾರ್ತೆಯ ಕೊನೆಯಲ್ಲಿ ಬರುವ ಹವಾಮಾನ ವರದಿಯನ್ನು ಕೇಳಿ ಒಮ್ಮೆಯಾದರೂ ನಗದವರು ನಮ್ಮಲ್ಲಿ ವಿರಳ. ‘ಒಂದೆರಡು ಕಡೆ ಗುಡುಗುಸಹಿತ ಮಳೆಯಾಗುವ ಸಂಭವವಿದೆ’ ಎಂದರೆ, ಆ ಒಂದೆರಡು ಕಡೆಗಳು ಯಾವುವು ಎಂದು ಕೇಳಬೇಕೆನ್ನಿಸುತ್ತದೆ. ಮಳೆ ಬರುತ್ತದೆಂದ ದಿನ ಬಿಸಿಲು ಕಾದದ್ದನ್ನು ನಾವು ವರ್ಷಗಟ್ಟಲೆ ನೆನಪಿಡುತ್ತೇವೆ. ಹೇಳಿದ್ದು ಹೇಳಿದಂತೆಯೇ ನಡೆದ ದಿನಗಳನ್ನು ಮರೆತುಬಿಡುತ್ತೇವೆ. ಈ ಹಾಸ್ಯಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. ಈಗ ಅದು ಬಹುಮಟ್ಟಿಗೆ ಹಳತಾಗಿದೆ. ಕಳೆದ ನಾಲ್ಕು ದಶಕಗಳಲ್ಲಿ ಹವಾಮಾನದ ಮುನ್ಸೂಚನೆ, ದಶಕಕ್ಕೆ ಸುಮಾರು ಒಂದು ದಿನದಂತೆ, ಮುಂದೆ ಮುಂದೆ ಸರಿದಿದೆ. ಅಂದು ಮೂರನೆಯ ದಿನದ ವಿಷಯವನ್ನು ಎಷ್ಟು ಭರವಸೆಯಿಂದ ಹೇಳಬಹುದಾಗಿತ್ತೋ ಹೆಚ್ಚುಕಡಿಮೆ ಅಷ್ಟೇ ಭರವಸೆಯಿಂದ ಇಂದು ಆರೇಳನೆಯ ದಿನದ ವಿಷಯವನ್ನು ಹೇಳಬಹುದಾಗಿದೆ.

ಇದಕ್ಕೆ ಕಾರಣವೇನೆಂದು ಕೇಳಿದರೆ, ಗಣಕಯಂತ್ರಗಳ ವೇಗ ಎಂದು ಯಾರಾದರೂ ಹೇಳಿಯಾರು. ಅದು ಅರ್ಧ ಸತ್ಯ. ಉಳಿದರ್ಧ ಅಷ್ಟಾಗಿ ಜನರ ಗಮನಕ್ಕೆ ಬಂದಿಲ್ಲ. ನಾಳೆಯ ಹವೆಯನ್ನು ಲೆಕ್ಕಹಾಕುವುದಕ್ಕಿಂತ ಇಂದಿನ ಹವೆ ಹೇಗಿದೆಯೆಂದು ತಿಳಿಯುವುದೇ ಕಷ್ಟ. ಆ ಕಷ್ಟವನ್ನು ಎದುರಿಸುವ ವಿದ್ಯೆಯೊಂದು ಮೆಲ್ಲಮೆಲ್ಲನೆ ಬೆಳೆದು ಬಂದಿದೆ. ನಾನು ಈಗ ಹೇಳಹೊರಟಿರುವುದು ಮುಖ್ಯವಾಗಿ ಆ ವಿದ್ಯೆಯನ್ನು ಕುರಿತು.

ಮಳೆಯನ್ನು ಮುಂದಾಗಿ ತಿಳಿಯುವ ಆಸೆ ಬೇಸಾಯದಷ್ಟೇ ಹಳೆಯದು. ನಮ್ಮ ರೈತರು ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆಗಳಿಗೆ ನಕ್ಷತ್ರಗಳ ಹೆಸರಿಟ್ಟರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಲ್ಲಿ ಸಾಮಾನ್ಯವಾಗಿ ಎಂಥ ಮಳೆ ಬರುತ್ತದೆ ಎಂಬ ತಲೆಮಾರುಗಳ ಅನುಭವ ಅದರಲ್ಲಿ ಅಡಗಿದೆ. ಆದರೆ ‘ಸಾಮಾನ್ಯವಾಗಿ’ ಎಂಬ ಮಾತು ‘ಈ ಸಲ’ ಎಂಬ ಪ್ರಶ್ನೆಗೆ ಉತ್ತರವಾಗಲಾರದು. ಈ ಸಲದ ಮಳೆಯನ್ನು ಹೇಳಬೇಕಾದರೆ ಈ ಸಲದ ಗಾಳಿಯನ್ನೇ ಕೇಳಬೇಕು.

೧೯೦೪ರಲ್ಲಿ ನಾರ್ವೆಯ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಎಂಬ ಭೌತವಿಜ್ಞಾನಿ ಈ ಮಾತನ್ನು ಸ್ಪಷ್ಟವಾಗಿ ಮಂಡಿಸಿದರು. ವಾಯುಮಂಡಲವೂ ಭೌತ ನಿಯಮಗಳಿಗೆ ಅಧೀನವಾದ ಒಂದು ದ್ರವ್ಯವೇ. ಆದ್ದರಿಂದ ಎರಡು ಸಂಗತಿಗಳು ಗೊತ್ತಿದ್ದರೆ ಸಾಕು: ಒಂದು ಗಳಿಗೆಯಲ್ಲಿ ವಾಯುಮಂಡಲದ ಸ್ಥಿತಿ ಏನು, ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಅದು ಹೋಗುವ ನಿಯಮಗಳು ಯಾವುವು. ನಿಯಮಗಳು ಆಗಲೇ ಬಹುಮಟ್ಟಿಗೆ ತಿಳಿದಿದ್ದವು. ಚಲನೆಯನ್ನೂ ಶಾಖವನ್ನೂ ಕುರಿತ ಸಮೀಕರಣಗಳನ್ನು ಹಿಂದಿನ ಶತಮಾನಗಳು ಕೊಟ್ಟುಹೋಗಿದ್ದವು. ತೊಡಕಿದ್ದುದು ಮೊದಲನೆಯ ಸಂಗತಿಯಲ್ಲಿ.

ಆ ತೊಡಕು ಎಷ್ಟು ದೊಡ್ಡದೆಂಬುದನ್ನು ತನ್ನ ಮೇಲೆಯೇ ಪರೀಕ್ಷಿಸಿಕೊಂಡವರು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಕ್ವೇಕರ್ ಪಂಥಕ್ಕೆ ಸೇರಿದ ಅವರು ಮೊದಲ ಮಹಾಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದೆ ಫ್ರಾನ್ಸಿನ ರಣಭೂಮಿಯಲ್ಲಿ ಗಾಯಾಳುಗಳನ್ನು ಸಾಗಿಸುವ ಕೆಲಸ ಮಾಡಿದರು. ಬಿಡುವಿನ ವೇಳೆಯಲ್ಲಿ, ಚಳಿಯ ಬಿಡಾರದಲ್ಲಿ, ಹುಲ್ಲಿನ ರಾಶಿಯನ್ನೇ ಕಚೇರಿ ಮಾಡಿಕೊಂಡು, ೧೯೧೦ರ ಮೇ ೨೦ರಂದು ಮಧ್ಯ ಯೂರೋಪಿನ ಮೇಲೆ ಹವೆ ಆರು ಗಂಟೆಗಳಲ್ಲಿ ಹೇಗೆ ಬದಲಾಗಬೇಕಾಗಿತ್ತೆಂದು ಕೈಯಿಂದಲೇ ಲೆಕ್ಕ ಮಾಡಿದರು. ಅದಕ್ಕೆ ಆರು ವಾರಗಳಷ್ಟು ಕಾಲ ಹಿಡಿಯಿತು. ೧೯೧೭ರಲ್ಲಿ ಕದನದ ಗೊಂದಲದಲ್ಲಿ ಹಸ್ತಪ್ರತಿ ಕಳೆದುಹೋಗಿ, ತಿಂಗಳುಗಳ ಮೇಲೆ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲ ರಾಶಿಯ ಅಡಿಯಲ್ಲಿ ಸಿಕ್ಕಿತು. ೧೯೨೨ರಲ್ಲಿ ಅದು ಪುಸ್ತಕವಾಗಿ ಹೊರಬಂತು.

ಲೆಕ್ಕದ ಫಲಿತಾಂಶವೇನು? ಆರು ಗಂಟೆಗಳಲ್ಲಿ ವಾಯುವಿನ ಒತ್ತಡ ೧೪೫ ಮಿಲಿಬಾರುಗಳಷ್ಟು ಏರುತ್ತದೆ ಎಂದು! ಸಮುದ್ರಮಟ್ಟದಲ್ಲಿ ಒತ್ತಡ ಸಾಮಾನ್ಯವಾಗಿ ಸಾವಿರದ ಹದಿಮೂರು ಮಿಲಿಬಾರು. ಉಗ್ರ ಚಂಡಮಾರುತದಲ್ಲಿಯೂ ಇಂಥ ನೆಗೆತ ಕಾಣುವುದಿಲ್ಲ. ಆ ದಿನ ಯೂರೋಪಿನಲ್ಲಿ ಒತ್ತಡ ಹೆಚ್ಚುಕಡಿಮೆ ಕದಲದೆ ನಿಂತಿತ್ತು. ರಿಚರ್ಡ್‌ಸನ್ ಈ ಸೋಲನ್ನು ಮುಚ್ಚಿಡಲಿಲ್ಲ. ಅಂಕಿಅಂಕಿಯನ್ನೂ ಪುಸ್ತಕದಲ್ಲಿ ಅಚ್ಚುಹಾಕಿಸಿದರು. ಅಷ್ಟೇ ಅಲ್ಲ, ಅರವತ್ತನಾಲ್ಕು ಸಾವಿರ ಮಂದಿ ಲೆಕ್ಕಿಗರು ಒಂದು ಮಹಾಮಂದಿರದಲ್ಲಿ ಕುಳಿತು ಲೋಕದ ಹವೆಯನ್ನು ಅದರ ಓಟದ ವೇಗದಲ್ಲಿಯೇ ಗಣಿಸುವ ಕನಸನ್ನೂ ಅದೇ ಪುಸ್ತಕದಲ್ಲಿ ಬರೆದರು.

ತಪ್ಪು ಎಲ್ಲಿತ್ತು? ಸಮೀಕರಣಗಳು ಸರಿಯಾಗಿಯೇ ಇದ್ದವು. ದೋಷವಿದ್ದುದು ಆರಂಭದ ಅಂಕಿಗಳಲ್ಲಿ. ವಾಯುಮಂಡಲದಲ್ಲಿ ಗಾಳಿಗೂ ಒತ್ತಡಕ್ಕೂ ನಡುವೆ ಒಂದು ಸೂಕ್ಷ್ಮ ಸಮತೋಲವಿರುತ್ತದೆ. ಅಳತೆಯಲ್ಲಿ ಅಲ್ಲಲ್ಲಿ ಚೂರುಪಾರು ತಪ್ಪಿದರೂ ಆ ಸಮತೋಲ ಕದಡುತ್ತದೆ. ಆಗ ಲೆಕ್ಕದೊಳಗಿನ ವಾಯುಮಂಡಲವು ಕಲ್ಲೆಸೆದ ಕೊಳದಂತೆ ಅಲೆಅಲೆಯಾಗಿ ತುಯ್ದಾಡುತ್ತದೆ. ನಿಜವಾದ ಹವೆಯ ನಿಧಾನ ಚಲನೆ ಆ ಅಲೆಗಳಲ್ಲಿ ಮುಳುಗಿಹೋಗುತ್ತದೆ. ಮುಂದೆ ಎಷ್ಟೋ ವರ್ಷಗಳ ಮೇಲೆ ಐರ್ಲೆಂಡಿನ ಪೀಟರ್ ಲಿಂಚ್ ಅದೇ ಅಂಕಿಗಳನ್ನು ತೆಗೆದುಕೊಂಡು, ಮೊದಲು ಆ ಹುಸಿ ಅಲೆಗಳನ್ನು ಅಡಗಿಸಿ, ಮತ್ತೆ ಲೆಕ್ಕ ಮಾಡಿದರು. ಒತ್ತಡದ ಬದಲಾವಣೆ ಒಂದು ಮಿಲಿಬಾರಿಗಿಂತ ಕಡಿಮೆ ಬಂತು. ನಾಳೆಯನ್ನು ಕೆಡಿಸಿದ್ದು ಇಂದಿನ ಬಗೆಗಿನ ತಿಳಿವಳಿಕೆಯ ಕೊರತೆ.

೧೯೫೦ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಎಂಬ ಗಣಕದ ಮೇಲೆ ಚಾರ್ನಿ, ಫ್ಯೊರ್ಟಾಫ್ಟ್, ಫಾನ್ ನಾಯ್ಮನ್ ಇವರು ಇಪ್ಪತ್ತನಾಲ್ಕು ಗಂಟೆಗಳ ಮುನ್ಸೂಚನೆಯನ್ನು ಸುಮಾರು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಗಣಿಸಿದರು. ಅಲ್ಲಿಂದ ಮುಂದೆ ಯಂತ್ರದ ವೇಗವೊಂದೇ ಸಮಸ್ಯೆಯಾಗಿ ಉಳಿಯಲಿಲ್ಲ ಎನ್ನಬಹುದು. ಜೊತೆಗೆ ಸಾಕ್ಷಿಯ ಸಮಸ್ಯೆಯೂ ಇತ್ತು.

ಇಂದಿನ ಲೆಕ್ಕದಲ್ಲಿ ಭೂಮಿಯ ಮೇಲೆಲ್ಲ ಒಂದು ಬಲೆಯನ್ನು ಹರಡಿದಂತೆ ಕಲ್ಪಿಸಿಕೊಳ್ಳುತ್ತಾರೆ. ಬಲೆಯ ಕಣ್ಣು ಆರು ಕಿಲೋಮೀಟರ್ ಅಗಲದ್ದಾದರೆ ನೆಲ ಜಲವೆಲ್ಲ ಸೇರಿ ಸುಮಾರು ಒಂದು ಕೋಟಿ ನಲವತ್ತು ಲಕ್ಷ ಕಣ್ಣುಗಳಾಗುತ್ತವೆ. ಒಂದೊಂದರ ಮೇಲೂ ಅರವತ್ತು ಅಂತಸ್ತುಗಳು. ಅಂತಸ್ತಿಗೊಂದರಂತೆ ಉಷ್ಣತೆ, ಒತ್ತಡ, ಆರ್ದ್ರತೆ, ಗಾಳಿಯ ಎರಡು ದಿಕ್ಕುಗಳು ಎಂದು ಐದು ಅಂಕಿಗಳನ್ನಿಟ್ಟರೂ ನಾನೂರು ಕೋಟಿಯನ್ನು ಮೀರುತ್ತದೆ. ಲೆಕ್ಕ ಆರಂಭವಾಗುವ ಮೊದಲು ಇಷ್ಟು ಅಂಕಿಗಳು ಬೇಕು. ಇವುಗಳಿಗೆ ಸಾಕ್ಷಿಯೆಷ್ಟು? ನಮ್ಮ ಗಡಿಯಾರದ ಬೆಳಗಿನ ಐದೂವರೆಗೂ ಸಂಜೆಯ ಐದೂವರೆಗೂ ಜಗತ್ತಿನ ನೂರಾರು ಠಾಣೆಗಳಿಂದ ಏಕಕಾಲಕ್ಕೆ ಬಲೂನುಗಳು ಮೇಲೇರಿ ದಾರಿಯುದ್ದಕ್ಕೂ ಅಳೆದು ತಿಳಿಸುತ್ತವೆ. ಹಡಗುಗಳು, ವಿಮಾನಗಳು, ತೇಲುಬುರುಡೆಗಳು, ರೇಡಾರುಗಳು ವರದಿ ಮಾಡುತ್ತವೆ. ಉಪಗ್ರಹಗಳು ಹಗಲಿರುಳು ನೋಡುತ್ತವೆ. ಆದರೂ ಬೇಕಾದ ಅಂಕಿಗಳ ಮುಂದೆ ಬಳಸಬಹುದಾದ ಸಾಕ್ಷಿ ಅತ್ಯಲ್ಪ. ಅದೂ ಒಂದೇ ಸಮನಾಗಿ ಹರಡಿಲ್ಲ. ಯೂರೋಪಿನ ಮೇಲೆ ದಟ್ಟ, ದಕ್ಷಿಣದ ಸಾಗರಗಳ ಮೇಲೆ ವಿರಳ. ಒಂದೊಂದು ಸಾಕ್ಷಿಯಲ್ಲಿಯೂ ಅದರದರ ದೋಷವಿದೆ.

ಇಲ್ಲಿ ಬರುತ್ತದೆ ‘ಡೇಟಾ ಅಸಿಮಿಲೇಷನ್’ ಎಂಬ ವಿದ್ಯೆ. ಅಸಿಮಿಲೇಷನ್ ಎಂದರೆ ಅರಗಿಸಿಕೊಳ್ಳುವುದು. ಕನ್ನಡದಲ್ಲಿ ಸಾಕ್ಷಿಗಳ ಸಮನ್ವಯ ಎನ್ನೋಣ. ಹಳೆಯ ಕಾವ್ಯವೊಂದರ ಸಂಪಾದನೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಓಲೆಯ ಪ್ರತಿಗಳು ನಾಲ್ಕು ಸಿಕ್ಕಿವೆ, ಎಲ್ಲದರಲ್ಲಿಯೂ ಪಾಠಾಂತರಗಳು, ಒಂದರಲ್ಲಿ ಗರಿಗಳೇ ಲುಪ್ತ. ಸಂಪಾದಕನು ಯಾವುದೊಂದನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ, ಯಾವುದನ್ನೂ ಎಸೆಯುವುದೂ ಇಲ್ಲ. ಈ ಲಿಪಿಕಾರ ಎಲ್ಲಿ ಎಡವುತ್ತಾನೆ, ಆ ಪ್ರತಿ ಎಷ್ಟು ಪ್ರಾಚೀನ ಎಂದು ತೂಗಿ, ಛಂದಸ್ಸೂ ವ್ಯಾಕರಣವೂ ಒಪ್ಪುವ ಪಾಠವನ್ನು ನಿರ್ಣಯಿಸುತ್ತಾನೆ. ಹವಾಮಾನ ಶಾಸ್ತ್ರಜ್ಞನಿಗೆ ಛಂದಸ್ಸು ವ್ಯಾಕರಣಗಳ ಸ್ಥಾನದಲ್ಲಿರುವುದು ಭೌತ ನಿಯಮ. ಪ್ರತಿಗಳ ಸ್ಥಾನದಲ್ಲಿರುವುದು ವೀಕ್ಷಣೆ. ಇವುಗಳ ಜೊತೆಗೆ ಅವನಿಗೆ ಇನ್ನೊಂದು ಆಧಾರವೂ ಉಂಟು: ಆರು ಗಂಟೆಗಳ ಹಿಂದೆ ಮಾಡಿದ ಮುನ್ಸೂಚನೆ. ಈಗ ಹವೆ ಹೇಗಿರಬೇಕೆಂದು ಅದು ಒಂದು ಮೊದಲ ಊಹೆಯನ್ನು ಕೊಡುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಊರಿನ ಉಷ್ಣತೆ ೩೦ ಡಿಗ್ರಿ ಇರಬೇಕೆಂದು ಹಿಂದಿನ ಮುನ್ಸೂಚನೆ ಹೇಳುತ್ತದೆ. ಅದು ಸಾಮಾನ್ಯವಾಗಿ ಎರಡು ಡಿಗ್ರಿ ತಪ್ಪುತ್ತದೆ. ಉಷ್ಣಮಾಪಕ ೨೭ ಎನ್ನುತ್ತದೆ. ಅದರ ತಪ್ಪು ಒಂದು ಡಿಗ್ರಿ. ಎರಡರ ತಪ್ಪುಗಳಿಗೂ ಪರಸ್ಪರ ಸಂಬಂಧವಿಲ್ಲವೆಂದು ಇಟ್ಟುಕೊಳ್ಳೋಣ. ಯಾವುದು ನಿಜ? ತಪ್ಪಿನ ವರ್ಗಕ್ಕೆ ವಿಲೋಮವಾಗಿ ತೂಕ ಕೊಟ್ಟರೆ, ಮಾಪಕದ ಮಾತಿಗೆ ಮುನ್ಸೂಚನೆಯ ಮಾತಿನ ನಾಲ್ಕು ಪಟ್ಟು ಬೆಲೆ. ಆಗ ಉತ್ತರ ೨೭.೬. ಈ ಉತ್ತರದಲ್ಲಿ ನಿರೀಕ್ಷಿಸಬೇಕಾದ ತಪ್ಪು ಸುಮಾರು ೦.೯ ಡಿಗ್ರಿ, ಎಂದರೆ ಮಾಪಕವೊಂದನ್ನೇ ನಂಬಿದ್ದಕ್ಕಿಂತಲೂ ಕಡಿಮೆ. ದುರ್ಬಲ ಸಾಕ್ಷಿಯೂ, ಅದರ ದೌರ್ಬಲ್ಯವನ್ನು ಬಲ್ಲವನ ಕೈಯಲ್ಲಿ, ಉಪಯೋಗಕ್ಕೆ ಬರುತ್ತದೆ. ೧೮೦೧ರಲ್ಲಿ ಸೂರ್ಯನ ಪ್ರಭೆಯಲ್ಲಿ ಮರೆಯಾದ ಸಿರಿಸ್ ಎಂಬ ಕಿರುಗ್ರಹವನ್ನು ಕೆಲವೇ ವೀಕ್ಷಣೆಗಳ ಬಲದಿಂದ ಮತ್ತೆ ಹುಡುಕಿಸಿಕೊಟ್ಟ ಗೌಸನ ಗಣಿತದ ಸಂತಾನವೇ ಈ ವಿಧಾನ.

ಇದನ್ನೇ ಕೋಟಿಗಟ್ಟಲೆ ಅಂಕಿಗಳಿಗೆ ವಿಸ್ತರಿಸಬೇಕು. ಮಂಗಳೂರಿನ ಬಲೂನು ಹೇಳಿದ್ದರಿಂದ ಉಡುಪಿಯ ಆಕಾಶದ ಬಗ್ಗೆ ಎಷ್ಟು ತಿಳಿಯಬಹುದು, ಗಾಳಿಯನ್ನು ತಿದ್ದಿದಾಗ ಸಮತೋಲ ಕೆಡದಂತೆ ಒತ್ತಡವನ್ನು ಎಷ್ಟು ತಿದ್ದಬೇಕು ಎಂಬುದೂ ತೂಕದಲ್ಲಿ ಸೇರುತ್ತದೆ. ಉಪಗ್ರಹದ್ದು ಇನ್ನೂ ಸೂಕ್ಷ್ಮ. ಅದು ಉಷ್ಣತೆಯನ್ನು ಅಳೆಯುವುದೇ ಇಲ್ಲ. ಮೇಲಕ್ಕೆ ಬರುವ ವಿಕಿರಣವನ್ನು ಮಾತ್ರ ಕಾಣುತ್ತದೆ. ಆದ್ದರಿಂದ, ಊಹೆಯ ವಾಯುಮಂಡಲವೇ ನಿಜವಾಗಿದ್ದರೆ ಉಪಗ್ರಹಕ್ಕೆ ಏನು ಕಾಣಬೇಕಾಗಿತ್ತು ಎಂದು ಗಣಿಸಿ, ಕಂಡದ್ದರೊಡನೆ ಹೋಲಿಸಿ, ವ್ಯತ್ಯಾಸದಷ್ಟು ಊಹೆಯನ್ನು ತಿದ್ದುತ್ತಾರೆ. ೧೯೯೭ರಲ್ಲಿ ಯೂರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಒಂದು ಕ್ಷಣದ ಸಾಕ್ಷಿಗಳನ್ನಷ್ಟೇ ಅಲ್ಲದೆ, ಹಲವು ಗಂಟೆಗಳ ಅವಧಿಯಲ್ಲಿ ಬಂದ ಸಾಕ್ಷಿಗಳೆಲ್ಲಕ್ಕೂ ಹೊಂದುವಂಥ ಒಂದು ಚಲನೆಯ ಕಥೆಯನ್ನು ಹುಡುಕುವ ಪದ್ಧತಿಯನ್ನು ಅದು ನಿತ್ಯದ ಕೆಲಸಕ್ಕೆ ತಂದಿತು.

ಇನ್ನು ಬಲೆಯ ಕಣ್ಣಿನ ವಿಚಾರ. ನೂರು ಕಿಲೋಮೀಟರಿನ ಕಣ್ಣಿಗೆ ಸಹ್ಯಾದ್ರಿ ಒಂದು ಸಣ್ಣ ದಿಬ್ಬ. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ, ಅಲ್ಲಿಂದ ಮೂಡಣಕ್ಕೆ ನೂರು ಕಿಲೋಮೀಟರಿನೊಳಗೆ ಅದರ ಹಲವು ಪಾಲುಗಳಲ್ಲಿ ಒಂದಕ್ಕೆ ಇಳಿಯುತ್ತದೆ. ಒಂದೇ ಕಣ್ಣಿನಲ್ಲಿ ಇವೆರಡನ್ನೂ ಹಾಕಿದರೆ ಸರಾಸರಿ ಬರುತ್ತದೆಯೇ ಹೊರತು ಮಲೆನಾಡೂ ಇಲ್ಲ, ಬಯಲುಸೀಮೆಯೂ ಇಲ್ಲ. ಕಣ್ಣನ್ನು ಚಿಕ್ಕದು ಮಾಡಬೇಕು. ಆದರೆ ಅಗಲವನ್ನು ಅರ್ಧಮಾಡಿದರೆ ಕಣ್ಣುಗಳು ನಾಲ್ಕು ಪಟ್ಟಾಗುತ್ತವೆ. ಕಾಲದ ಹೆಜ್ಜೆಯನ್ನೂ ಅರ್ಧಮಾಡಬೇಕಾಗುವುದರಿಂದ ಕೆಲಸ ಎಂಟು ಪಟ್ಟಾಗುತ್ತದೆ. ನಮ್ಮ ದೇಶ ಈ ದಾರಿಯಲ್ಲಿ ಬಹಳ ದೂರ ಬಂದಿದೆ. ೧೯೮೮ರಲ್ಲಿ ಮಧ್ಯಮಾವಧಿ ಮುನ್ಸೂಚನೆಗಾಗಿ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾದಾಗ ಅದರ ಗಣಕ ಅಮೆರಿಕದಿಂದ, ಹಲವು ನಿರ್ಬಂಧಗಳ ನಡುವೆ ಬರಬೇಕಾಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ೧೯೮೬ರಲ್ಲಿ ಆರಂಭವಾದ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕ ಮುಂದೆ ಹವಾಮಾನದ ಲೆಕ್ಕಕ್ಕೂ ಒದಗಿತು. ೨೦೨೫ರ ಮೇ ತಿಂಗಳಲ್ಲಿ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ, ಆರು ಕಿಲೋಮೀಟರ್ ಕಣ್ಣಿನ ‘ಭಾರತ್ ಮುನ್ಸೂಚನಾ ವ್ಯವಸ್ಥೆ’ ಬಳಕೆಗೆ ಬಂತು. ಅದರ ಹಿಂದಿನದು ಹನ್ನೆರಡು ಕಿಲೋಮೀಟರಿನದು.

ಆದರೆ ಒಂದು ಎಚ್ಚರಿಕೆ ಅಗತ್ಯ. ಕಣ್ಣು ಚಿಕ್ಕದಾದ ಮಾತ್ರಕ್ಕೆ ನೋಟ ನಿಜವಾಗುವುದಿಲ್ಲ. ಬೆಟ್ಟ ಕಣಿವೆಗಳು ಸ್ಥಿರ. ಅವುಗಳ ರೂಪ ಒಮ್ಮೆ ಸರಿಯಾಗಿ ಬಂದರೆ ಲಾಭ ಶಾಶ್ವತ. ಗುಡುಗಿನ ಮೋಡ ಹಾಗಲ್ಲ. ಕೆಲವೇ ಕಿಲೋಮೀಟರ್ ಅಗಲ, ಒಂದು ಗಂಟೆಯ ಆಸುಪಾಸಿನ ಆಯುಸ್ಸು. ಅದರ ಹುಟ್ಟನ್ನು ಕಂಡ ಸಾಕ್ಷಿಯೇ ಇಲ್ಲದಿದ್ದರೆ ಸೂಕ್ಷ್ಮ ಬಲೆಯು ಮಸುಕಾದ ಛಾಯಾಚಿತ್ರವನ್ನು ದೊಡ್ಡದು ಮಾಡಿದಂತಾಗುತ್ತದೆ. ಇದರ ಮೇಲೆ ಲಾರೆನ್ಸ್ ಕಂಡ ಮಿತಿಯೊಂದಿದೆ. ೧೯೬೧ರಲ್ಲಿ ಅವರು ತಮ್ಮ ಪುಟ್ಟ ಗಣಕಕ್ಕೆ ೦.೫೦೬೧೨೭ ಎಂಬುದರ ಬದಲು ೦.೫೦೬ ಎಂದು ಕೊಟ್ಟರು. ಸ್ವಲ್ಪ ಕಾಲದಲ್ಲಿಯೇ ಲೆಕ್ಕದ ಹವೆ ಬೇರೆಯೇ ದಾರಿ ಹಿಡಿಯಿತು. ಇಂದಿನ ಎಳ್ಳಷ್ಟು ಅಜ್ಞಾನ ಎರಡು ವಾರಗಳ ಆಚೆಗೆ ಬೆಟ್ಟವಾಗುತ್ತದೆ. ಅದಕ್ಕಾಗಿಯೇ ಈಗ ಒಂದೇ ಲೆಕ್ಕಕ್ಕೆ ನಿಲ್ಲದೆ, ಆರಂಭವನ್ನು ಚೂರುಚೂರು ಬದಲಿಸಿ ಹತ್ತಾರು ಲೆಕ್ಕಗಳನ್ನು ಮಾಡುತ್ತಾರೆ. ಅವೆಲ್ಲ ಒಂದೇ ಮಾತು ಹೇಳಿದರೆ ಭರವಸೆ ಹೆಚ್ಚು, ಚೆದರಿದರೆ ಕಡಿಮೆ. ‘ಸಂಭವವಿದೆ’ ಎಂಬ ಆ ಹಳೆಯ ಮಾತಿನ ಹಿಂದೆ ಈಗ ಅಳತೆಯಿದೆ.

ಇಷ್ಟು ಶ್ರಮದ ಪ್ರಯೋಜನವೇನು ಎಂದು ಕೇಳುವವರಿಗೆ ಒಡಿಶಾದ ಕರಾವಳಿ ಉತ್ತರ ಹೇಳುತ್ತದೆ. ೧೯೯೯ರ ಅಕ್ಟೋಬರ್ ೨೯ರಂದು ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಸತ್ತವರು ಹತ್ತು ಸಾವಿರದ ಹತ್ತಿರ. ೨೦೧೩ರ ಅಕ್ಟೋಬರ್ ೧೨ರಂದು ಗೋಪಾಲಪುರದ ಬಳಿ ಫೈಲಿನ್ ದಡ ಸೇರಿದಾಗ ಸತ್ತವರು ಐವತ್ತಕ್ಕಿಂತ ಕಡಿಮೆ. ಆಶ್ರಯಗೃಹಗಳು, ರಸ್ತೆಗಳು, ಮನೆಮನೆಗೂ ಹೋಗಿ ಜನರನ್ನು ಎಬ್ಬಿಸಿದ ಕಾರ್ಯಕರ್ತರು, ಇವರೆಲ್ಲರ ಪಾಲೂ ಇದರಲ್ಲಿದೆ. ಆದರೆ ಹತ್ತು ಲಕ್ಷದಷ್ಟು ಜನರನ್ನು ಮನೆ ದನಕರು ಬಿಟ್ಟು ಹೊರಡಿಸಬೇಕಾದರೆ, ಗಾಳಿ ಎಲ್ಲಿ, ಯಾವಾಗ ಬರುತ್ತದೆಂದು ದಿನಗಳ ಮೊದಲೇ ಧೈರ್ಯವಾಗಿ ಹೇಳಬಲ್ಲವರು ಇರಬೇಕು. ಎರಡು ಸಲ ಸುಳ್ಳಾದ ಮಾತನ್ನು ಮೂರನೆಯ ಸಲ ಯಾರೂ ನಂಬುವುದಿಲ್ಲ.

ಆ ಧೈರ್ಯ ಬರಿಯ ಯಂತ್ರದಿಂದ ಬಂದದ್ದಲ್ಲ. ೨೦೨೦ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ವಿಮಾನಗಳು ನಿಂತಾಗ ಅವು ಕಳಿಸುತ್ತಿದ್ದ ಗಾಳಿಯ ವರದಿಗಳು ಮುಕ್ಕಾಲು ಪಾಲಿನಷ್ಟು ಇಳಿದು, ಶಾಸ್ತ್ರಜ್ಞರು ಕಳವಳಪಟ್ಟರು. ಗಣಕಗಳ ವೇಗ ಅಂದೂ ಅಷ್ಟೇ ಇತ್ತು, ಕಡಿಮೆಯಾದದ್ದು ಸಾಕ್ಷಿ. ಮಳೆಮಾಪಕದ ನೀರನ್ನು ದಿನವೂ ಹೊತ್ತಿಗೆ ಸರಿಯಾಗಿ ಅಳೆದು, ಬಂದಷ್ಟನ್ನೇ ಬರೆದಿಡುವ ಮನುಷ್ಯನು ಎಲ್ಲೋ ದೂರದ ಸಮುದ್ರತೀರದವರ ಪ್ರಾಣಕ್ಕೆ ಹೊಣೆಗಾರನಾಗಿದ್ದಾನೆ. ಅವನು ಅಳೆಯದೆ ಊಹಿಸಿ ಬರೆದರೆ, ಆ ಸುಳ್ಳನ್ನು ಪತ್ತೆಹಚ್ಚುವ ಉಪಾಯಗಳು ಗಣಿತದಲ್ಲಿವೆ, ನಿಜ. ಆದರೆ ಅವನು ಅಳೆಯದೆ ಬಿಟ್ಟದ್ದನ್ನು ಯಾವ ಗಣಿತವೂ ತುಂಬಿಕೊಡಲಾರದು.