ರಂಗಪಂಚಮಿಯ ವಿಡಿಯೊ: ಪ್ರಾಜೆಕ್ಟ್ ಸೆಟ್ಟಿಂಗಿನ ತಪ್ಪು ಕಲ್ಪನೆಗಳು

ಹುಬ್ಬಳ್ಳಿಯವರು ಬಣ್ಣ ಆಡುವುದು ಹೋಳಿಯ ಐದನೇ ದಿನ, ರಂಗಪಂಚಮಿಗೆ. ಕಮರಿಪೇಟೆಯ ಓಣಿಗಳಲ್ಲಿ ಅವತ್ತು ಜಗ್ಗಲಗಿ ವಾದ್ಯದ ಸದ್ದು, ಬಣ್ಣ, ಜನ, ಎತ್ತಿ ಹಿಡಿದ ಮೊಬೈಲು. ಸಂಜೆಗೆ ಯಾರೋ ಒಬ್ಬ ಹುಡುಗನ ಕಂಪ್ಯೂಟರಿಗೆ ಎಲ್ಲರ ಕ್ಲಿಪ್ಪುಗಳೂ ಬಂದು ಬೀಳುತ್ತವೆ: ಒಬ್ಬರ ಮೊಬೈಲಿನದು 4ಕೆ, ಬಾಡಿಗೆ ಕ್ಯಾಮೆರಾದ್ದು 1080, ಇನ್ನೊಬ್ಬರು ಮೊಬೈಲು ಉದ್ದುದ್ದ ಹಿಡಿದು ತೆಗೆದದ್ದು, ಮತ್ತೊಬ್ಬರು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದು. ಓಣಿಯ ಹಬ್ಬಕ್ಕೆ ಮುಂದೆ ಉಳಿಯುವ ದಾಖಲೆ ಇದೇ. ಅದು ಮಸುಕಾಗಿ, ಜರ್ಕ್ ಹೊಡೆಯುತ್ತ ಉಳಿಯಬಾರದು. ಅದಕ್ಕಾಗಿಯೇ, ಮಿಕ್ಸಿಂಗ್ ಮಾಡುವವರ ನಡುವೆ ಓಡಾಡುವ ಕೆಲವು ಮಾತುಗಳನ್ನು ಇಲ್ಲಿ ಒರೆಗೆ ಹಚ್ಚಿದ್ದೇನೆ.

"ಪ್ರಾಜೆಕ್ಟ್ 4ಕೆ ಇಡ್ರಿ, ಎಲ್ಲಾ ಕ್ಲಿಪ್ಪೂ 4ಕೆ ಆಗ್ತಾವ."

ಆಗುವುದಿಲ್ಲ. 1920×1080 ಚಿತ್ರದಲ್ಲಿರುವುದು ಸುಮಾರು 20.7 ಲಕ್ಷ ಪಿಕ್ಸೆಲ್. 3840×2160ರಲ್ಲಿ ಸುಮಾರು 83 ಲಕ್ಷ. ಸಣ್ಣ ಕ್ಲಿಪ್ಪನ್ನು ದೊಡ್ಡ ಟೈಮ್‌ಲೈನಿಗೆ ಹಾಕಿದಾಗ ಉಳಿದ 62 ಲಕ್ಷವನ್ನು ಸಾಫ್ಟ್‌ವೇರ್ ಅಕ್ಕಪಕ್ಕದ ಬಣ್ಣ ನೋಡಿ ಅಂದಾಜಿನಿಂದ ತುಂಬುತ್ತದೆ. ಕ್ಯಾಮೆರಾ ಕಾಣದ ಮುಖ ಅದರಿಂದ ಹುಟ್ಟಿ ಬರುವುದಿಲ್ಲ. ರೆಂಡರ್ ಮಾತ್ರ ನಿಧಾನವಾಗುತ್ತದೆ.

ಲಾಭ ಇರುವುದು ತಿರುಗುಮುರುಗಾಗಿ ಮಾಡಿದಾಗ. 4ಕೆ ಕ್ಲಿಪ್ಪನ್ನು 1080 ಟೈಮ್‌ಲೈನಿಗೆ ಹಾಕಿದರೆ ಎರಡು ಪಟ್ಟು ಹತ್ತಿರಕ್ಕೆ ಎಳೆದರೂ ಚಿತ್ರ ಕೆಡದು. ಗುಂಪಿನ ನಡುವೆ ಬಣ್ಣ ಮೆತ್ತಿಕೊಂಡು ನಗುವ ಒಂದು ಮುಖವನ್ನು ಹೀಗೆ ಹೆಕ್ಕಿ ತೆಗೆಯಬಹುದು. ಎಡಿಟಿಂಗಿಗೆ ಪ್ರೀಮಿಯರ್ ಸಾಫ್ಟ್‌ವೇರ್ ಬಳಸುವವರು ಮಾತ್ರ ಇಲ್ಲಿ ಎಚ್ಚರವಿರಲಿ: 'ಸ್ಕೇಲ್ ಟು ಫ್ರೇಮ್ ಸೈಜ್' ಒತ್ತಿದರೆ ಚಿತ್ರ ಮೊದಲೇ 1080ಕ್ಕೆ ಕುಗ್ಗುತ್ತದೆ, ಆಮೇಲೆ ಹಿಗ್ಗಿಸಿದರೆ ಮಸುಕು. ಸ್ಕೇಲ್ ಅಂಕಿಯನ್ನೇ 50 ಪರ್ಸೆಂಟಿಗೆ ಇಳಿಸುವುದು ಸರಿಯಾದ ದಾರಿ.

"ಕ್ಲಿಪ್ ಎಳೆದ ಕೂಡಲೇ ಸಾಫ್ಟ್‌ವೇರೇ ಕೇಳ್ತದ, ಹೂಂ ಅಂದ್ರ ಮುಗೀತು."

ಕ್ಲಿಪ್ಪಿಗೂ ಟೈಮ್‌ಲೈನಿಗೂ ಹೊಂದದಿದ್ದಾಗ, ಕ್ಲಿಪ್ಪಿಗೆ ತಕ್ಕಂತೆ ಸೆಟ್ಟಿಂಗ್ ಬದಲಿಸಲೇ ಎಂದು ಅದು ಕೇಳುವುದು ನಿಜ. ಆದರೆ ಮೊದಲು ಎಳೆದದ್ದು ವಾಟ್ಸ್‌ಆ್ಯಪಿನಲ್ಲಿ ಕುಗ್ಗಿ ಬಂದ ಕ್ಲಿಪ್ಪಾಗಿದ್ದರೆ ಇಡೀ ಹಬ್ಬ ಅದರ ಅಳತೆಗೆ ಇಳಿಯುತ್ತದೆ. ಹೂಂ ಅನ್ನಬೇಕಾದ್ದು ಮುಖ್ಯ ಕ್ಯಾಮೆರಾದ ಕ್ಲಿಪ್ಪಿಗೆ. ಅದನ್ನೇ ಮೊದಲು ಎಳೆಯಿರಿ. ಗೆಳೆಯರಿಗೂ ಹೇಳಿಡಿ: ವಿಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಫೈಲೇ ಬರುತ್ತದೆ.

"ಸೈಜ್ ಹೊಂದಿದ್ರ ಸಾಕು, ಫ್ರೇಮ್ ರೇಟ್ ಆಮ್ಯಾಲೆ ನೋಡೋಣು."

ಹೆಚ್ಚು ಹಾನಿ ಮಾಡುವ ಮಾತು ಇದು. ಸೈಜನ್ನು ಕೆಲಸದ ನಡುವೆಯೂ ತಿದ್ದಬಹುದು. ಫ್ರೇಮ್ ರೇಟ್ ಹಾಗಲ್ಲ: ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್ಪುಗಳು ಒಳಗೆ ಬಂದ ಮೇಲೆ ಪ್ರಾಜೆಕ್ಟಿನ ಫ್ರೇಮ್ ರೇಟಿಗೆ ಬೀಗ ಬೀಳುತ್ತದೆ.

30 ಫ್ರೇಮಿನ ಮೊಬೈಲ್ ಕ್ಲಿಪ್ಪನ್ನು 25ರ ಟೈಮ್‌ಲೈನಿಗೆ ಹಾಕಿದರೆ ಪ್ರತಿ ಆರನೇ ಫ್ರೇಮ್ ಬಿದ್ದುಹೋಗುತ್ತದೆ. ನಿಂತು ಮಾತಾಡುವವರ ಮುಖದಲ್ಲಿ ಅದು ಗೊತ್ತಾಗದು. ಜಗ್ಗಲಗಿ ಬಾರಿಸುವ ಕೈಯಲ್ಲಿ, ಮೆರವಣಿಗೆಯ ಉದ್ದಕ್ಕೂ ಹೊರಳುವ ಶಾಟಿನಲ್ಲಿ ತಟ್ಟನೆ ಕಣ್ಣಿಗೆ ಹೊಡೆಯುತ್ತದೆ. 25ರ ಕ್ಲಿಪ್ಪನ್ನು 30ಕ್ಕೆ ಹಾಕಿದರೆ ಸೆಕೆಂಡಿಗೆ ಐದು ಫ್ರೇಮ್ ಎರಡೆರಡು ಸಲ ಬರುತ್ತವೆ. ಅಲ್ಲೂ ಅದೇ ತೊಡಕು. 50 ಫ್ರೇಮಿನಲ್ಲಿ ಹಿಡಿದದ್ದು 25ರಲ್ಲಿ ಅರ್ಧ ವೇಗಕ್ಕೆ ನುಣುಪಾಗಿ ಓಡುತ್ತದೆ. ಗಾಳಿಗೆ ತೂರಿದ ಗುಲಾಲಿಗೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ನಮ್ಮ ಕಡೆ ಹಿಡಿಯುವುದೂ ಟೈಮ್‌ಲೈನ್ ಇಡುವುದೂ 25ರಲ್ಲೇ ಇರಲಿ. ಏಕೆಂದರೆ ಭಾರತದ ಕರೆಂಟು 50 ಹರ್ಟ್ಸ್. ಕಾಮದಹನದ ರಾತ್ರಿಯ ಪೆಂಡಾಲಿನ ಎಷ್ಟೋ ದೀಪಗಳು ಸೆಕೆಂಡಿಗೆ ನೂರು ಸಲ ಮಿಡಿಯುತ್ತವೆ. 25 ಫ್ರೇಮ್, ಶಟರ್ 1/50 ಇಟ್ಟರೆ ಪ್ರತಿ ಚಿತ್ರಕ್ಕೂ ಸಮನಾದ ಬೆಳಕು ಸಿಗುತ್ತದೆ. 30 ಫ್ರೇಮ್, 1/60 ಇಟ್ಟರೆ ಕಪ್ಪು ಪಟ್ಟಿ ಹರಿದಾಡಬಹುದು. ಅದನ್ನು ಯಾವ ಪ್ರಾಜೆಕ್ಟ್ ಸೆಟ್ಟಿಂಗೂ ಅಳಿಸಲಾರದು. ಮೊಬೈಲಿನ ತೊಂದರೆ ಇನ್ನೊಂದಿದೆ: ಎಷ್ಟೋ ಮೊಬೈಲುಗಳು ಬೆಳಕು ಕಡಿಮೆಯಾದಾಗ ತಾವೇ ಫ್ರೇಮ್ ರೇಟ್ ಇಳಿಸುತ್ತವೆ, ಉದ್ದದ ಕ್ಲಿಪ್ಪಿನಲ್ಲಿ ತಾಳಕ್ಕೂ ಕೈಗೂ ಹೊಂದಾಣಿಕೆ ತಪ್ಪುತ್ತದೆ. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್‌ನಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ ಕ್ಲಿಪ್ಪನ್ನು ಬದಲಿಸಿಕೊಂಡೇ ಎಡಿಟಿಂಗಿಗೆ ಕೂಡ್ರಿ.

"ಸಿಸ್ಟಮ್ ಹ್ಯಾಂಗ್ ಆಗ್ತದ, ಅದಕ್ಕ 720 ಇಟ್ಟೀನಿ."

ಸೆಟ್ಟಿಂಗ್ ಇಳಿಸಬೇಡಿ, ಪ್ರಾಕ್ಸಿ, ಅಂದರೆ ಕ್ಲಿಪ್ಪುಗಳ ಸಣ್ಣ ನಕಲು, ಮಾಡಿಕೊಳ್ಳಿ. ಎಡಿಟ್ ಸಣ್ಣ ನಕಲಿನ ಮೇಲೆ, ಎಕ್ಸ್‌ಪೋರ್ಟ್ ಮೂಲದ ಮೇಲೆ.

"ರೀಲ್ಸ್ ಬೇಕಾದ್ರ ಇದೇ ವಿಡಿಯೊನ ಕಟ್ ಮಾಡಿದ್ರಾತು."

1080 ಕ್ಲಿಪ್ಪಿನಿಂದ 9:16 ಕತ್ತರಿಸಿದರೆ ಅಗಲಕ್ಕೆ ಸಿಗುವುದು ಬರೀ 607 ಪಿಕ್ಸೆಲ್ಲು, ರೀಲ್ಸಿಗೆ ಬೇಕಾದ್ದು 1080. 4ಕೆ ಕ್ಲಿಪ್ಪಿನಿಂದಾದರೆ 1215 ಸಿಗುತ್ತದೆ. ಕತ್ತರಿಸುವ ಆಸೆಯಿದ್ದರೆ ಹಿಡಿಯುವಾಗಲೇ 4ಕೆ ಇರಬೇಕು.

"ಹಳೇ ಕ್ಯಾಸೆಟ್ಟಿಂದು ಸ್ಕ್ರೀನ್ ತುಂಬಾ ಎಳೀರಿ."

ಎಳೆಯಬೇಡಿ. 1990ರ ದಶಕದ ಹಬ್ಬದ ವಿಡಿಯೊ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದಾಗ ಸಾಮಾನ್ಯವಾಗಿ ಸಿಗುವುದು 720×576, ಆಕಾರ 4:3. 16:9ಕ್ಕೆ ಜಗ್ಗಿದರೆ ತೀರಿಹೋದ ಅಜ್ಜನ ಮುಖ ಅಡ್ಡಡ್ಡ ಊದುತ್ತದೆ, ಮನೆಯವರಿಗೆ ಅದು ನೋವು. ಎರಡೂ ಬದಿ ಕಪ್ಪು ಬಿಡುವುದೇ ಗೌರವ. ಆ ಚಿತ್ರ ಅರ್ಧರ್ಧ ಗೆರೆಗಳಾಗಿ ಸೆಕೆಂಡಿಗೆ 50 ಸಲ ಬರೆದದ್ದು. ಡಿಇಂಟರ್‌ಲೇಸ್ ಮಾಡಿ ಅದನ್ನು ಇಡೀ ಚಿತ್ರವಾಗಿಸದಿದ್ದರೆ ಓಡುವವರ ಅಂಚಿನಲ್ಲಿ ಬಾಚಣಿಕೆಯ ಹಲ್ಲಿನಂಥ ಗೆರೆಗಳು ಏಳುತ್ತವೆ.

"ಎಲ್‌ಇಡಿ ವಾಲ್ ದೊಡ್ಡದೈತಿ, 4ಕೆನೇ ಕೊಡ್ರಿ."

ಗೋಡೆ ದೊಡ್ಡದು, ಪಿಕ್ಸೆಲ್ ಕಡಿಮೆ. ಅರ್ಧ ಮೀಟರಿನ ಪಿ3.91 (ಪಿಕ್ಸೆಲ್ಲಿನಿಂದ ಪಿಕ್ಸೆಲ್ಲಿಗೆ 3.91 ಮಿ.ಮೀ.) ಪ್ಯಾನೆಲಿನಲ್ಲಿ ಒಂದು ಬದಿಗೆ 128 ಪಿಕ್ಸೆಲ್ ಇರುತ್ತವೆ. ನಾಲ್ಕು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಗೋಡೆಗೆ ಅಡ್ಡಕ್ಕೆ ಎಂಟು ಪ್ಯಾನೆಲ್, ಎತ್ತರಕ್ಕೆ ಐದು: 1024×640. ಆಕಾರವೂ 16:9 ಅಲ್ಲ, 16:10. 1080 ವಿಡಿಯೊವನ್ನು ಅದಕ್ಕೆ ಪೂರ್ತಿ ತುಂಬಿದರೆ ಎರಡೂ ಅಂಚು ಕತ್ತರಿಸಿ ಹೋಗುತ್ತವೆ. ಹಾಳಾಗುವುದು ಹೆಚ್ಚಾಗಿ ಅಂಚಿಗೆ ಬರೆದ ಹೆಸರುಗಳೇ. ಪ್ಯಾನೆಲ್ ಎಷ್ಟೆಂದು ಬಾಡಿಗೆಗೆ ಕೊಡುವವರನ್ನು ಪ್ರದರ್ಶನದ ಹಿಂದಿನ ದಿನವೇ ಕೇಳಿ, ಮುಗಿದ ಎಡಿಟನ್ನು ಆ ಅಳತೆಯ ಇನ್ನೊಂದು ಟೈಮ್‌ಲೈನಿಗೆ ನಕಲು ಮಾಡಿ, ಹೆಸರುಗಳನ್ನು ಒಳಕ್ಕೆ ಸರಿಸಿ ಕೊಡಿ.